ಗೆರೆ ಹೇಳುವ ಲೆಕ್ಕ

ಪತ್ರಿಕೆಯ ವಾಣಿಜ್ಯ ಪುಟ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಅಕ್ಷರವಲ್ಲ, ಗೆರೆ. ಷೇರು ಸೂಚ್ಯಂಕ, ಚಿನ್ನದ ದರ, ಡಾಲರಿನೆದುರು ರೂಪಾಯಿಯ ಬೆಲೆ ಎಲ್ಲವೂ ಅಲ್ಲಿ ಏರಿಳಿಯುವ ಗೆರೆಗಳೇ. ಅಂಕಿಗಳ ರಾಶಿಯಿಂದ ಸುದ್ದಿ ಹೆಕ್ಕಿ ಚಿತ್ರವಾಗಿಸುವುದಕ್ಕೆಂದೇ ಈಗ ದೊಡ್ಡ ಪತ್ರಿಕೆಗಳಲ್ಲಿ ಪ್ರತ್ಯೇಕ ಪತ್ರಕರ್ತರಿದ್ದಾರೆ. ಇದು ಕಂಪ್ಯೂಟರಿನ ಜೊತೆಗೆ ಬಂದ ಕಸುಬೆಂದು ಹಲವರು ತಿಳಿದಿದ್ದಾರೆ. ಆದರೆ ಇದರ ಮೂಲಪುರುಷ ಬಾಳಿದ್ದು ಇನ್ನೂರು ವರ್ಷಗಳಿಗೂ ಹಿಂದೆ. ಅವನ ಹೆಸರು ವಿಲಿಯಂ ಪ್ಲೇಫೇರ್.

1759ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಪ್ಲೇಫೇರ್ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ. ಮುಂದೆ ಗಣಿತಜ್ಞನಾಗಿ ಹೆಸರಾದ ಅಣ್ಣ ಜಾನ್, ಪ್ರತಿದಿನದ ಉಷ್ಣಾಂಶವನ್ನು ಅಂಕಿಯಲ್ಲಲ್ಲದೆ ಗೆರೆಯಲ್ಲಿ ಗುರುತಿಸಿಡುವುದನ್ನು ಅವನಿಗೆ ಕಲಿಸಿದ. ಅನಂತರ ಪ್ಲೇಫೇರ್ ಆವಿಯಂತ್ರದ ಜೇಮ್ಸ್ ವಾಟ್‌ನ ಬಳಿ ಯಂತ್ರಗಳ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ. ಉಷ್ಣಾಂಶವನ್ನು ಗೆರೆಯಲ್ಲಿ ತೋರಿಸಬಹುದಾದರೆ ಹಣವನ್ನೇಕೆ ತೋರಿಸಬಾರದು? 1786ರಲ್ಲಿ ಅವನು ಪ್ರಕಟಿಸಿದ ‘ಕಮರ್ಷಿಯಲ್ ಅಂಡ್ ಪೊಲಿಟಿಕಲ್ ಅಟ್ಲಾಸ್’ ಈ ಪ್ರಶ್ನೆಗೆ ಉತ್ತರ. ಅಟ್ಲಾಸ್ ಎಂಬ ಹೆಸರಿದ್ದರೂ ಅದರಲ್ಲಿ ಭೂಪಟವಿರಲಿಲ್ಲ. 44 ಚಿತ್ರಗಳಿದ್ದವು. 43ರಲ್ಲಿ ಕಾಲ ಸರಿದಂತೆ ವ್ಯಾಪಾರ, ಸಾಲ, ವೆಚ್ಚಗಳು ಏರಿಳಿದ ಬಗೆ ಇತ್ತು. ಸ್ಕಾಟ್ಲೆಂಡಿಗೆ ಮಾತ್ರ ಒಂದೇ ವರ್ಷದ ಅಂಕಿ ಸಿಕ್ಕಿದ್ದರಿಂದ, 17 ಪ್ರದೇಶಗಳೊಡನೆ ಅದು ನಡೆಸಿದ ವ್ಯಾಪಾರವನ್ನು ಉದ್ದುದ್ದ ಪಟ್ಟಿಗಳಾಗಿ ಬರೆದ. ಹೀಗೆ ಮಾಹಿತಿಯ ಕೊರತೆಯಿಂದ ಹುಟ್ಟಿದ್ದೇ ಇಂದಿನ ಬಾರ್ ಚಾರ್ಟ್. ವೃತ್ತವನ್ನು ಹೋಳುಗಳಾಗಿ ಸೀಳುವ ಪೈ ಚಾರ್ಟ್ ಕೂಡ 1801ರಲ್ಲಿ ಅವನ ಕೈಯಿಂದಲೇ ಬಂತು.

ಆ ಅಟ್ಲಾಸಿನಲ್ಲಿ ನಮಗೆ ಸಂಬಂಧಿಸಿದ ಚಿತ್ರವೂ ಇದೆ. ಅದು ಪೂರ್ವದ ದೇಶಗಳೊಡನೆ ಇಂಗ್ಲೆಂಡ್ ನಡೆಸಿದ ವ್ಯಾಪಾರದ್ದು. ಅದರಲ್ಲಿ ಆಮದಿನ ಗೆರೆ ರಫ್ತಿನ ಗೆರೆಗಿಂತ ಮೇಲಿದೆ. ಲೆಕ್ಕದ ದೃಷ್ಟಿಯಿಂದ ಇದು ಇಂಗ್ಲೆಂಡಿಗೆ ಪ್ರತಿಕೂಲ. ಭಾರತವೇ ಲಾಭ ಮಾಡಿಕೊಳ್ಳುತ್ತಿದೆಯೆಂದು ನೋಡಿದವರಿಗೆ ಅನ್ನಿಸದಿರದು. ಆದರೆ 1765ರಲ್ಲಿ ಬಂಗಾಳದ ಕಂದಾಯ ವಸೂಲಿಯ ಹಕ್ಕು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತ್ತು. ರೈತನಿಂದ ಎತ್ತಿದ ಹಣದಲ್ಲೇ ಕಂಪನಿ ನೇಕಾರನ ಬಟ್ಟೆಯನ್ನು ಕೊಂಡು ಹಡಗಿಗೆ ತುಂಬುತ್ತಿತ್ತು. ಬಂಗಾಳದ ಸರಕಿಗೆ ಬಂಗಾಳದ್ದೇ ದುಡ್ಡು! ಗೆರೆಗಳು ಸುಳ್ಳು ಹೇಳಲಿಲ್ಲ, ನಿಜ. ಆದರೆ ಸರಕಿಗೆ ಬೆಲೆ ತೆತ್ತವರು ಯಾರೆಂಬುದನ್ನೂ ಹೇಳಲಿಲ್ಲ.

ಪ್ಲೇಫೇರನ ಇನ್ನೊಂದು ಚಿತ್ರ ಇದಕ್ಕಿಂತ ಪ್ರಸಿದ್ಧ. 1821ರಲ್ಲಿ, ಹಿಂದಿನ ಸುಮಾರು 250 ವರ್ಷಗಳ ಗೋಧಿಯ ಬೆಲೆಯನ್ನು ಕಂಬಗಳಾಗಿಯೂ ಕುಶಲಕರ್ಮಿಯ ವಾರದ ಕೂಲಿಯನ್ನು ಗೆರೆಯಾಗಿಯೂ ಒಂದೇ ಹಾಳೆಯಲ್ಲಿ ಬರೆದ. ಕೂಲಿಗೆ ಹೋಲಿಸಿದರೆ ಗೋಧಿ ಹಿಂದೆಂದೂ ಇಷ್ಟು ಅಗ್ಗವಾಗಿರಲಿಲ್ಲ ಎಂಬುದು ಅವನ ವಾದ. ನೋಡುವವನಿಗೆ ಕಾಣುವುದೇ ಬೇರೆ. ಗೋಧಿಯ ಕಂಬಗಳು ಮುಗಿಲಿಗೆ ಏರುತ್ತವೆ, ಕೂಲಿಯ ಗೆರೆ ಕೆಳಗೆ ತೆವಳುತ್ತದೆ.

ಎಡವಿದ್ದೆಲ್ಲಿ? ಒಂದು ಉದಾಹರಣೆಯಿಂದ ನೋಡೋಣ. ಅಕ್ಕಿ ಕಿಲೋಗೆ 20 ರೂಪಾಯಿಯಿಂದ 40ಕ್ಕೆ, ದಿನಗೂಲಿ 100ರಿಂದ 300ಕ್ಕೆ ಏರಿತೆನ್ನಿ. ಎರಡನ್ನೂ ಬೇರೆಬೇರೆ ಬರೆದರೆ ‘ಅಕ್ಕಿ ಬೆಲೆ ದುಪ್ಪಟ್ಟು’ ಎಂಬುದೇ ಸುದ್ದಿ. ಒಂದು ದಿನದ ಕೂಲಿಗೆ ಎಷ್ಟು ಅಕ್ಕಿ ಬರುತ್ತದೆಂದು ಲೆಕ್ಕ ಹಾಕಿದರೆ ಮೊದಲು 5 ಕಿಲೋ, ಈಗ ಏಳೂವರೆ. ಪ್ಲೇಫೇರ್ ಬರೆಯಬೇಕಾಗಿದ್ದುದು ಈ ಎರಡನೆಯ ಲೆಕ್ಕವನ್ನು. ಏನನ್ನು ಬರೆಯಬೇಕೆಂಬ ಆಯ್ಕೆಯೇ ಈ ಕಸುಬಿನ ಮುಕ್ಕಾಲು ಪಾಲು, ಕೈಚಳಕ ಆಮೇಲಿನದು.

ನಮ್ಮ ಸೆನ್ಸೆಕ್ಸ್‌ನ ಕತೆಯೂ ಅಷ್ಟೆ. 1978-79ನ್ನು 100 ಎಂದಿಟ್ಟುಕೊಂಡು 1986ರಲ್ಲಿ ಆರಂಭವಾದ ಈ ಸೂಚ್ಯಂಕ 1990ರ ಜುಲೈನಲ್ಲಿ 1,000 ಮುಟ್ಟಿತು. 1992ರ ಏಪ್ರಿಲ್‌ನಲ್ಲಿ 4,400 ದಾಟಿ, ಷೇರು ಹಗರಣ ಬಯಲಾದ ಮೇಲೆ ಒಂದು ವರ್ಷದಲ್ಲಿ ಸುಮಾರು ಅರ್ಧಕ್ಕೆ ಕುಸಿಯಿತು. ಎಷ್ಟೋ ಮನೆಗಳ ಉಳಿತಾಯ ಅದರಲ್ಲಿ ಕೊಚ್ಚಿಹೋಯಿತು. 2023ರ ಡಿಸೆಂಬರಿನಲ್ಲಿ 70,000 ದಾಟಿದ ಅದೇ ಸೂಚ್ಯಂಕವನ್ನು ಮಾಮೂಲಿ ಅಳತೆಯಲ್ಲಿ ಬರೆದರೆ 1992ರ ಪ್ರಳಯ ಒಂದು ಸಣ್ಣ ಉಬ್ಬಾಗಿ ಕಾಣುತ್ತದೆ. ಅತ್ತ, ಇಂದಿನ 1,000 ಅಂಶಗಳ ಕುಸಿತ ದಪ್ಪಕ್ಷರದ ಸುದ್ದಿಯಾಗುತ್ತದೆ. ಸೂಚ್ಯಂಕ 70,000ದಲ್ಲಿದ್ದಾಗ ಅದು ಶೇಕಡಾ ಒಂದೂವರೆಯೂ ಅಲ್ಲ! ಶೇಕಡಾವಾರು ಬದಲಾವಣೆ ಸಮನಾಗಿ ಕಾಣುವ ಲಾಗರಿದಮ್ ಅಳತೆಯನ್ನು ಬಲ್ಲ ಪತ್ರಕರ್ತರು ಬಳಸುವುದು ಇದಕ್ಕಾಗಿಯೇ.

ದೇಶದೇಶಗಳ ಜಮಾಖರ್ಚನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ ಪ್ಲೇಫೇರನಿಗೆ ಸ್ವಂತ ಜಮಾಖರ್ಚು ಹಿಡಿತಕ್ಕೆ ಸಿಗಲಿಲ್ಲ. ಲಂಡನ್ನಿನಲ್ಲಿ ತೆರೆದ ಬ್ಯಾಂಕು ಮುಳುಗಿತು, ಸಾಲಕ್ಕಾಗಿ ಸೆರೆಮನೆಯನ್ನೂ ಕಂಡ. 1823ರಲ್ಲಿ ಬಡತನದಲ್ಲೇ ತೀರಿಕೊಂಡ.

ಅಟ್ಲಾಸ್ ಸಿದ್ಧವಾಗುತ್ತಿದ್ದಾಗ ಜೇಮ್ಸ್ ವಾಟ್ ಅವನಿಗೊಂದು ಸಲಹೆ ಕೊಟ್ಟಿದ್ದ. ಚಿತ್ರದ ಜೊತೆಗೆ ಮೂಲ ಅಂಕಿಗಳ ಪಟ್ಟಿಯನ್ನೂ ಅಚ್ಚು ಹಾಕು, ಇಲ್ಲವಾದರೆ ಎಲ್ಲವೂ ನಿನ್ನ ಮಾತಿನ ಮೇಲೆಯೇ ನಿಂತಂತಾಗುತ್ತದೆ ಎಂಬುದು ಅದರ ತಾತ್ಪರ್ಯ. ಇಂದಿನ ಪತ್ರಿಕೆಯ ಚಿತ್ರದಡಿಯಲ್ಲಿ ‘ಆಧಾರ’ ಎಂದು ಸಣ್ಣಕ್ಷರದ ಒಂದು ಸಾಲಿರುತ್ತದಲ್ಲ, ಅದು ಈ ಮಾತಿನ ಮುಂದುವರಿಕೆಯೇ. ಮುಂದಿನ ಸಲ ವಾಣಿಜ್ಯ ಪುಟ ನೋಡುವಾಗ ಗೆರೆಯ ಏರಿಳಿತಕ್ಕೆ ಬೆರಗಾಗುವ ಮೊದಲು ಆ ಸಾಲನ್ನೂ, ಅಳತೆ ಸೊನ್ನೆಯಿಂದ ಶುರುವಾಗಿದೆಯೇ ಎಂಬುದನ್ನೂ ಒಮ್ಮೆ ನೋಡಿಬಿಡುವುದು ಒಳ್ಳೆಯದು.