ಚೌಕದ ತಲೆ, ಗುಂಡು ತಲೆ

ಕೆಮ್ಮಣ್ಣಿನಲ್ಲಿ ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿ ಒಂದು ಸಣ್ಣ ಮರದ ಮಿಲ್ಲಿತ್ತು. ಮುಚ್ಚಿ ವರ್ಷಗಳಾದವು. ಅದರ ಯಂತ್ರಗಳನ್ನು ಮಾರುತ್ತಾರೆಂದು ತಿಳಿದು, ಮರಗೆಲಸದ ಅಂಗಡಿ ಹಾಕಹೊರಟಿದ್ದ ನನ್ನ ತಂಗಿಯ ಮಗ ನನ್ನನ್ನೂ ಕರೆದುಕೊಂಡು ಹೋದ. ಜೊತೆಗೆ, ಹಿಂದೆ ಅಲ್ಲೇ ದುಡಿದಿದ್ದ ಆಚಾರ್ರು. ಅವರ ಎಡಗೈಯ ಎರಡು ಬೆರಳು ಅರ್ಧಕ್ಕೇ ನಿಂತಿವೆ.

ಹುಡುಗನ ಕಣ್ಣು ಪ್ಲೇನರ್ ಮೇಲಿತ್ತು. ಎರಡು ಎರಕದ ಮೇಜು, ನಡುವೆ ಸೀಳು, ಸೀಳಿನಲ್ಲಿ ಅಲಗು ಕಚ್ಚಿಸಿದ, ಗಿರ್ರನೆ ತಿರುಗುವ ತಲೆ. ಕೀಸುಳಿ ಹಿಡಿದು ಅರ್ಧ ದಿನ ಬೆವರಬೇಕಾದ ಹಲಸಿನ ಹಲಗೆ ಇದರ ಮೇಲೆ ನಾಲ್ಕು ಸಲ ಓಡಿದರೆ ನೇರ. ಆಚಾರ್ರು ಮೊದಲು ಬೆಲ್ಟ್ ಕಳಚಿದರು. ಮಿಲ್ಲಿಗೆ ಕರೆಂಟೇ ಇಲ್ಲ, ಆದರೂ ಕಳಚಿದರು. ಆಮೇಲೆ ತಲೆಯನ್ನು ಕೈಯಲ್ಲಿ ತಿರುಗಿಸಿ, "ಇದು ಚೌಕದ್ದು ಮಾರಾಯ, ಬೇಡ" ಎಂದರು.

ಆ ಮಾತಿನ ಹಿಂದೆ ದೊಡ್ಡ ಚರಿತ್ರೆಯಿದೆ. ತಿರುಗುವ ಅಲಗಿನಿಂದ ಮರ ಕೀಸುವ ಉಪಾಯವನ್ನು ಇಂಗ್ಲೆಂಡಿನ ಸ್ಯಾಮ್ಯುಯೆಲ್ ಬೆಂಥಮ್ 1793ರ ಪೇಟೆಂಟಿನಲ್ಲಿ ಬರೆದಿಟ್ಟ. ಅಣ್ಣ ಜೆರೆಮಿ ಬೆಂಥಮ್ ಯೋಜಿಸುತ್ತಿದ್ದ ಸೆರೆಮನೆಯ ಕೈದಿಗಳಿಂದ ಈ ಯಂತ್ರಗಳನ್ನು ನಡೆಸುವ ಆಲೋಚನೆ ಅವರದಾಗಿತ್ತು. ಕಸುಬು ಗೊತ್ತಿಲ್ಲದವನೂ ನಡೆಸುವಂತಿರಬೇಕು! ಕಸುಬಿಲ್ಲದ ಕೈ ಏನಾಗುತ್ತದೆಂದು ಅಣ್ಣತಮ್ಮಂದಿರು ಎಷ್ಟು ಚಿಂತಿಸಿದರೋ.

ಹತ್ತೊಂಬತ್ತನೆಯ ಶತಮಾನದ ಕೈಪ್ಲೇನರುಗಳಲ್ಲಿ ಚೌಕದ ತಲೆಯೇ ಹೆಚ್ಚು. ಚಪ್ಪಟೆ ಮುಖಕ್ಕೆ ಅಲಗು ಬೋಲ್ಟು ಮಾಡುವುದು ಸುಲಭ. ಆದರೆ ಚೌಕ ತಿರುಗಲು ಮೂಲೆಗಳಿಗೆ ಜಾಗ ಬೇಕು, ಹಾಗಾಗಿ ಸೀಳು ಅಗಲ. ಒಂದು ಮೂಲೆ ಹೋಗಿ ಇನ್ನೊಂದು ಬರುವ ನಡುವೆ ಅಲ್ಲಿರುವುದು ಬರೀ ಟೊಳ್ಳು. ಜಾರಿದ ಬೆರಳು ಆ ಟೊಳ್ಳಿಗೆ ಇಳಿಯುತ್ತದೆ, ಮುಂದಿನ ಅಲಗು ಕೈಯನ್ನೇ ಒಳಕ್ಕೆ ಎಳೆಯುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿನಲ್ಲಿ ಗುಂಡು ತಲೆ ಬಂತು. ಟೊಳ್ಳು ತುಂಬಿತು, ಅಲಗಿನ ತುದಿ ಕೂದಲೆಳೆಯಷ್ಟೇ ಹೊರಗೆ. ಗಾಯ ತಪ್ಪಲಿಲ್ಲ, ಆದರೆ ಕೈ ಹೋಗುವಲ್ಲಿ ಬೆರಳ ತುದಿಗೆ ಮುಗಿಯುವಂತಾಯಿತು.

ಬ್ರಿಟನ್ 1922ರಲ್ಲೇ ಕೈಯಿಂದ ಹಲಗೆ ತಳ್ಳುವ ಪ್ಲೇನರಿಗೆ ಗುಂಡು ತಲೆಯೇ ಇರಬೇಕೆಂದು ನಿಯಮ ಮಾಡಿತು. ನಮ್ಮ 1948ರ ಕಾರ್ಖಾನೆ ಕಾಯಿದೆಯಡಿ ರಾಜ್ಯಗಳು ಮಾಡಿದ ನಿಯಮಗಳಲ್ಲೂ ಹೆಚ್ಚುಕಡಿಮೆ ಅದೇ ಮಾತು ಬಂತು, ಸೀಳು ಮುಚ್ಚುವ ಸೇತುವೆಯಂಥ ಗಾರ್ಡು ಸಹಿತ. ಆಗ ಕೆಮ್ಮಣ್ಣು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡದಲ್ಲಿತ್ತು. ಆದರೆ ಆ ಕಾಯಿದೆಯ ಪ್ರಕಾರ ಕರೆಂಟು ಬಳಸುವ ಕಡೆ ಹತ್ತು ಮಂದಿಯಿದ್ದರೆ ಕಾರ್ಖಾನೆ ಎನಿಸುತ್ತಿತ್ತು. ಈ ಮಿಲ್ಲಿನಲ್ಲಿದ್ದವರು ನಾಲ್ಕೇ ಜನ. ನಿಯಮ ಹೊಳೆಯ ಆಚೆಗೇ ನಿಂತಿತು.

"ತಪ್ಪು ಚೌಕದ್ದು ಮಾತ್ರ ಅಲ್ಲ" ಎಂದರು ಆಚಾರ್ರು. ಹೊಯಿಗೆಯ ಮೇಲೆ ಎಳೆದು ತಂದ ಮರ, ಸಿಪ್ಪೆಯ ತುಂಬ ಹೊಯಿಗೆ, ಅಲಗು ಬೇಗ ಮೊಂಡು. ಮೊಂಡು ಅಲಗು ಕೀಸುವುದಿಲ್ಲ, ಬಡಿಯುತ್ತದೆ. ಮಳೆಗಾಲದ ಮೊದಲು ಒಂದು ಮನೆಯ ದಾರಂದ ಮುಗಿಸಬೇಕಿತ್ತು, ಸಾಣೆ ನಾಳೆಗೆಂದು ಬಿಟ್ಟರು. ಗೇಣುದ್ದದ ತುಂಡನ್ನು ಕೋಲಿಲ್ಲದೆ ಕೈಯಲ್ಲೇ ತಳ್ಳಿದರು. ತುಂಡು ಹಿಂದಕ್ಕೆ ಹಾರಿತು, ಕೈ ಮುಂದಕ್ಕೆ ಹೋಯಿತು.

"ಆಚಾರ್ರೆ, ತಲೆ ಮಾತ್ರ ಬದಲಿಸಿದರೆ?" ಹುಡುಗ ಕೇಳಿದ. ಅವರು ಮೇಜಿಗೆ ಬೆರಳಿನಿಂದ ಬಡಿದು ನೋಡಿ, ಆಗಬಹುದೆಂದರು. ಅದೇ ಅಳತೆಯ ಮೂರು ಅಲಗಿನ ಗುಂಡು ತಲೆ ಹುಡುಕಿ ತರಿಸಲು ಎರಡು ತಿಂಗಳು ಹಿಡಿಯಿತು.

ಅಲಗು ಕೂರಿಸಿದ ದಿನ ನಾನೂ ಇದ್ದೆ. ಮೂರಕ್ಕೂ ಒಟ್ಟಿಗೇ ಸಾಣೆ ಆಗಿತ್ತು. ಒಂದು ಹಗುರಾದರೆ ತಲೆ ನಡುಗುತ್ತದೆ. ಹಿಂದಿನ ಮೇಜಿನ ಮೇಲೆ ನೇರವಾದ ರೀಪು ಇಟ್ಟು ತಲೆಯನ್ನು ನಿಧಾನ ತಿರುಗಿಸಿದರು. ಪ್ರತಿ ಅಲಗೂ ಎರಡೂ ತುದಿಯಲ್ಲಿ ರೀಪನ್ನು ಅಷ್ಟಷ್ಟೇ ಮುಂದೂಡಬೇಕು. ಬೋಲ್ಟುಗಳನ್ನು ಒಂದೇ ಸಲ ಬಿಗಿಯದೆ ಎಲ್ಲವನ್ನೂ ಸ್ವಲ್ಪಸ್ವಲ್ಪ ಬಿಗಿದರು, ಮತ್ತೆ ರೀಪು ಇಟ್ಟು ನೋಡಿದರು, ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ತೆಳ್ಳಗೆ ಎಣ್ಣೆ ಸವರಿದರು. ಕೆಲಸ ಶುರುಮಾಡುವ ಮೊದಲೇ ಪ್ಲಗ್ ಕಿತ್ತು, ಬೆಲ್ಟ್ ತೆಗೆದು ತಮ್ಮ ಹೆಗಲಿಗೆ ಹಾಕಿಕೊಂಡಿದ್ದರು. ಕೊನೆಯ ಬೋಲ್ಟನ್ನು ಎರಡನೆಯ ಸಲ ಮುಟ್ಟಿ ನೋಡುವವರೆಗೂ ಇಳಿಸಲಿಲ್ಲ.