ಅರಮನೆಯ ನರ್ತನಕೂಟದಲ್ಲಿ ಗತಕಾಲದ ಉಡುಪು

1842ನೆಯ ಇಸವಿಯ ಮೇ 12ರ ರಾತ್ರಿ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ನೆರೆದ ನರ್ತನಕೂಟಕ್ಕೆ ವಿಕ್ಟೋರಿಯಾ ರಾಣಿಯು ಐದು ಶತಮಾನಗಳಷ್ಟು ಹಿಂದಿನ ಉಡುಪನ್ನು ಆರಿಸಿಕೊಂಡುದು ಕೇವಲ ವಿನೋದಾರ್ಥವಾಗಿರಲಿಲ್ಲ. ಸ್ಪಿಟಲ್‌ಫೀಲ್ಡ್ಸ್ ಎಂಬಲ್ಲಿ ಕೆಲಸವಿಲ್ಲದೆ ಕಂಗೆಟ್ಟಿದ್ದ ರೇಷ್ಮೆಯ ನೇಕಾರರ ಮಗ್ಗಗಳು ಮತ್ತೆ ನಡೆಯಬೇಕೆಂಬುದೂ ಅದರ ಉದ್ದೇಶವಾಗಿತ್ತು. ಒಂದು ರಾತ್ರಿಯ ವೈಭವದಿಂದ ಆ ಕಸುಬಿನ ಅವನತಿ ನಿಲ್ಲಲಿಲ್ಲವೆಂಬುದು ದಿಟ. ಆದರೂ ಉದ್ದೇಶವು ಸಾಧುವಾದುದೆಂದೇ ನಾನು ಭಾವಿಸುತ್ತೇನೆ.

ವಿಕ್ಟೋರಿಯಾ ತಾನು ಫಿಲಿಪ್ಪಾ ರಾಣಿಯಾಗಿಯೂ ಪತಿಯಾದ ಆಲ್ಬರ್ಟನು ಮೂರನೆಯ ಎಡ್ವರ್ಡ್ ದೊರೆಯಾಗಿಯೂ ಕಾಣಿಸಿಕೊಳ್ಳುವುದೆಂದು ನಿಶ್ಚಯವಾದ ಮೇಲೆ, ಆ ಕಾಲದವರು ನಿಜವಾಗಿ ಏನನ್ನು ಉಡುತ್ತಿದ್ದರೆಂಬ ಪ್ರಶ್ನೆ ಉದ್ಭವಿಸಿತು. 1834ರಲ್ಲಿಯೇ ಬ್ರಿಟಿಷ್ ವೇಷಭೂಷಣಗಳ ಚರಿತ್ರೆಯನ್ನು ಬರೆದಿದ್ದ ನಾಟಕಕಾರ ಜೇಮ್ಸ್ ರಾಬಿನ್ಸನ್ ಪ್ಲಾಂಷೆಯು ಈ ಕಾರ್ಯದ ಮೇಲ್ವಿಚಾರಕನಾದನು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಆ ದಂಪತಿಗಳ ಗೋರಿಗಳ ಮೇಲೆ ಪವಡಿಸಿರುವ ಪ್ರತಿಮೆಗಳು ಮಾದರಿಗಳಾದುವು. ಕಲ್ಲಿನಲ್ಲಿಯೂ ಲೋಹದಲ್ಲಿಯೂ ಸ್ತಬ್ಧವಾಗಿದ್ದ ನೆರಿಗೆಗಳನ್ನು ಪಟ್ಟೆಯಲ್ಲಿ ಮರಳಿ ಮೂಡಿಸುವ ಈ ಶ್ರಮದಲ್ಲಿ ಒಂದು ಬಗೆಯ ಪಿತೃಭಕ್ತಿಯೇ ನನಗೆ ಕಾಣುತ್ತದೆ. ಹಾಗಿದ್ದರೂ ಚಿತ್ರಕಾರ ಲ್ಯಾಂಡ್‌ಸಿಯರನು ಬರೆದ ಆ ಕೂಟದ ಚಿತ್ರವನ್ನು ನೋಡಿದರೆ, ರಾಣಿಯ ಬಿಗಿದ ನಡುವೂ ಹರವಾದ ಲಂಗವೂ ಹದಿನಾಲ್ಕನೆಯ ಶತಮಾನದವಲ್ಲ, 1840ರ ದಶಕದವು. ಹಿಂದಿನವರ ಉಡುಪನ್ನು ತೊಡುವಾಗಲೂ ದೇಹದ ಆಕಾರವನ್ನು ಮಾತ್ರ ತನ್ನ ಕಾಲವೇ ನಿರ್ಣಯಿಸಿತು.

ಮುಂದೆ 1845ರಲ್ಲಿ ಹದಿನೆಂಟನೆಯ ಶತಮಾನದ ನಡುವಣ ಉಡುಪೂ, 1851ರಲ್ಲಿ ಎರಡನೆಯ ಚಾರ್ಲ್ಸನ ಆಸ್ಥಾನದ ಉಡುಪೂ ಇಂತಹ ಕೂಟಗಳಿಗೆ ವಿಧಿಸಲ್ಪಟ್ಟುವು. ಈ ಕಡೆಯದಕ್ಕೆ ರಾಣಿಯ ಉಡುಪನ್ನು ಚಿತ್ರಿಸಿಕೊಟ್ಟವನು ಫ್ರಾನ್ಸಿನ ಕಲಾವಿದ ಯೂಜೀನ್ ಲಾಮಿ.