ಕಿನ್ನರಿ, ಏಕತಾರಿ, ಬ್ಯಾಂಜೊ: ಕೇಳಬೇಕಾದ ತಂತಿ ಸಂಗೀತ

ಕೀಬೋರ್ಡು, ಪ್ಯಾಡುಗಳ ಅಬ್ಬರವಿಲ್ಲದೆ ಬರೀ ಮರ, ಬುರುಡೆ, ತಂತಿಗಳಿಂದ ಹುಟ್ಟುವ ಸಂಗೀತ ಹುಡುಕುವ ನಾರಾಯಣಪೇಟೆ, ಮಖ್ತಲ್, ಗದ್ವಾಲದ ಬಂಧುಗಳು ಬಹಳ ದೂರ ಹೋಗಬೇಕಾಗಿಲ್ಲ.

ಮೊದಲು ಕಿನ್ನರಿ. 12ನೇ ಶತಮಾನದ ಶರಣ ಕಿನ್ನರಿ ಬೊಮ್ಮಯ್ಯನ ಹೆಸರಿನಲ್ಲೇ ಉಳಿದಿರುವ ಈ ವಾದ್ಯ ಈಗ ಕೇಳಸಿಗುವುದು ಅಪರೂಪ. ತೆಲುಗಿನಲ್ಲಿ ಇದನ್ನು ಕಿನ್ನೆರ ಅನ್ನುತ್ತಾರೆ. ಬಿದಿರಿನ ದಂಡಿ, ಸೋರೆಬುರುಡೆ, ದಂಡಿಯ ಮೇಲೆ ಮೆಟ್ಟಿಲು. 12 ಮೆಟ್ಟಿಲಿನ ಕಿನ್ನೆರ ನುಡಿಸುವ ದರ್ಶನಂ ಮೊಗಿಲಯ್ಯ ನಾಗರಕರ್ನೂಲು ಜಿಲ್ಲೆಯವರು. ಹಳೆಯ ಮಹಬೂಬ್‌ನಗರ ಜಿಲ್ಲೆಯ ಲೆಕ್ಕದಲ್ಲಿ ನಮ್ಮವರೇ. 2022ರಲ್ಲಿ ಪದ್ಮಶ್ರೀ ಬಂತು. ‘ಭೀಮ್ಲಾ ನಾಯಕ್’ ಸಿನಿಮಾ ಹಾಡಿನ ಆರಂಭದಲ್ಲಿ ಅವರ ದನಿ ಕೇಳಿದವರು ಅಷ್ಟಕ್ಕೇ ನಿಲ್ಲಿಸಬೇಡಿ. ಅವರು ಹಾಡುವ ಪಂಡುಗ ಸಾಯನ್ನನ ಕಥೆ ಹುಡುಕಿ ಕೇಳಿ. ಮಾತು ನಿಂತಲ್ಲಿ ಕಿನ್ನೆರ ಮುಂದುವರಿಯುತ್ತದೆ.

ಎರಡನೆಯದು ತತ್ವಪದ. ಕಡಕೋಳ ಮಡಿವಾಳಪ್ಪನವರ ಪದಗಳನ್ನು ಏಕತಾರಿ, ದಮ್ಮಡಿ, ತಾಳದ ಜೊತೆ ಕೇಳಬೇಕು. ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಹಿಡಿಯುತ್ತಾರೆ. ಸಾಧ್ಯವಾದರೆ ಮೈಕ್ ಆರಿಸಲು ಹೇಳಿ. ಏಕತಾರಿಯ ನಾದವನ್ನು ಮೊದಲು ನುಂಗುವುದೇ ಅದು. ತೆಲುಗು ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳಿಗೆ ಕನ್ನಡ ಅಕ್ಷರ ಬಾರದಿರಬಹುದು, ಪಲ್ಲವಿ ಹಿಡಿಯಲು ಅಕ್ಷರ ಬೇಕಿಲ್ಲ. ಗದ್ವಾಲದವರಿಗೆ ಐಜ ಹತ್ತಿರದ ಉತ್ತನೂರು ಗೊತ್ತೇ ಇದೆ. ‘ಗೋಪಾಲ ವಿಠಲ’ ಅಂಕಿತದ ಗೋಪಾಲದಾಸರು ನೆಲೆಸಿದ್ದ ಊರು ಅದು. ಅವರ ಪದಗಳನ್ನೂ ತಂಬೂರಿಯೊಂದಿಗೇ ಕೇಳುವುದು ಚೆಂದ.

ಇವನ್ನು ಕೇಳಿದ ಕಿವಿಗೆ ಅಮೆರಿಕದ ಬ್ಲೂಗ್ರಾಸ್ ತೀರ ಪರಕೀಯ ಅನಿಸದು. 1940ರ ದಶಕದಲ್ಲಿ ಕೆಂಟಕಿಯ ಮ್ಯಾಂಡೋಲಿನ್ ವಾದಕ ಬಿಲ್ ಮನ್ರೊ ರೂಪಕೊಟ್ಟ ಸಂಗೀತವಿದು: ಬ್ಯಾಂಜೊ, ಪಿಟೀಲು, ಗಿಟಾರ್, ಜೊತೆಗೆ ಎತ್ತರದ ಕಂಠ. ಬ್ಯಾಂಜೊ ಕೂಡ ಮೂಲದಲ್ಲಿ ಬುರುಡೆಯ ವಾದ್ಯವೇ. ಆಫ್ರಿಕಾದಿಂದ ಗುಲಾಮರಾಗಿ ಒಯ್ಯಲ್ಪಟ್ಟವರ ನೆನಪಿನಲ್ಲಿ ಅದು ಕಡಲು ದಾಟಿತು. ವೇಗ ಮೊದಲಿಗೆ ಗಾಬರಿ ಹುಟ್ಟಿಸಿದರೆ ‘ತಬುಲಾ ರಾಸಾ’ದಿಂದ ಶುರು ಮಾಡಿ. ಬೇಲಾ ಫ್ಲೆಕ್ ಅವರ ಬ್ಯಾಂಜೊ, ವಿಶ್ವಮೋಹನ ಭಟ್ ಅವರ ಮೋಹನವೀಣೆ ಅದರಲ್ಲಿ ಒಟ್ಟಿಗಿವೆ. ರೈ ಕೂಡರ್ ಜೊತೆ ಭಟ್ಟರು ನುಡಿಸಿದ ‘ಎ ಮೀಟಿಂಗ್ ಬೈ ದ ರಿವರ್’ (1993) ಇನ್ನೂ ಸಾವಧಾನ. ಬ್ಲೂಗ್ರಾಸ್ ಅಲ್ಲ ಅದು, ಆದರೂ ರಾತ್ರಿ ಕೇಳಲು ನನ್ನ ಆಯ್ಕೆ ಅದೇ.

ಊರಿನ ಭಜನೆಯಲ್ಲಿ ಹಿರಿಯರೊಬ್ಬರು ಹಾಡಿದರೆ ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಪದದ ಅಂಕಿತ, ಹಾಡಿದವರ ಹೆಸರು, ಅವರಿಗೆ ಕಲಿಸಿದವರು ಯಾರು, ಇಷ್ಟನ್ನು ಅಲ್ಲೇ ಬರೆದಿಡಿ. ಆಮೇಲೆ ಕೇಳಲು ಅವರು ಸಿಗದೇ ಹೋಗಬಹುದು.